ಹತ್ತೊಂಬತ್ತು ಒಂದುಗಳ ಸರ



ಈ ಸಲ ತೊಣ್ಣೂರಿನ ಕೆರೆ, ಗುಡಿ, ಜಾತ್ರೆಗಳ ಮಾತು ಕಡಿಮೆ. ಗಣಿತದ ಮಾತೇ ಹೆಚ್ಚು. "ಮೇಷ್ಟ್ರು ಲೆಕ್ಕ ಬಿಟ್ಟು ಕಥೆ ಹೇಳಲು ಶುರುಮಾಡಿದರು" ಎಂದು ಸಮಾಧಾನಪಟ್ಟಿದ್ದ ಬಂಧುಗಳು ದಯವಿಟ್ಟು ಸಹಿಸಿಕೊಳ್ಳಬೇಕು. ಒಬ್ಬ ಹಳೆಯ ವಿದ್ಯಾರ್ಥಿನಿಗೆ ಸಲ್ಲಬೇಕಾದ ಉತ್ತರವೊಂದು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನಲ್ಲೇ ಉಳಿದಿದೆ. ಅದು ಒಂದು ಸಂಖ್ಯೆಗೆ ಸಂಬಂಧಪಟ್ಟದ್ದು. ಸಂಖ್ಯೆ ಇದು:

1111111111111111111

ಎಣಿಸಿ ನೋಡಿ, ಹತ್ತೊಂಬತ್ತು ಒಂದುಗಳಿವೆ. ಹಿಂದಿನಿಂದ ಓದಿದರೂ ಇದು ಇದೇ, ಅಂಕಿಗಳನ್ನು ಹೇಗೆ ಅದಲು ಬದಲು ಮಾಡಿದರೂ ಇದೇ. ಅಂಕಿಗಳ ಮೊತ್ತ 19, ಅದೂ ಒಂದು ಅವಿಭಾಜ್ಯ ಸಂಖ್ಯೆ. ಇಷ್ಟನ್ನು ಕಾಣಲು ಕಣ್ಣು ಸಾಕು. ಕಣ್ಣಿಗೆ ಕಾಣದ ಇನ್ನೊಂದು ಗುಣವೂ ಇದಕ್ಕಿದೆ. ಒಂದರಿಂದ ಮತ್ತು ತನ್ನಿಂದ ಹೊರತು ಬೇರೆ ಯಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅಂದರೆ ಈ ಇಡೀ ಸರವೇ ಒಂದು ಅವಿಭಾಜ್ಯ ಸಂಖ್ಯೆ.

ಸರ ಎಂಬ ಮಾತು ನನ್ನ ಸ್ವಂತದ್ದಲ್ಲ. ನಮ್ಮ ನಾಡಿನಲ್ಲಿ ಇಂಥ ಸಂಖ್ಯೆಗಳನ್ನು ಕೊರಳ ಹಾರವೆಂದು ಮೊದಲು ಕಂಡವರು ಮಹಾವೀರಾಚಾರ್ಯರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 2000ದಲ್ಲಿ ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಗುಣಾಕಾರದ ಭಾಗದಲ್ಲಿ ಆಚಾರ್ಯರು ಕೊಡುವ ಲೆಕ್ಕಗಳಲ್ಲಿ ಕೆಲವು ಹೀಗಿವೆ:

12345679 × 9 = 111111111
152207 × 73 = 11111111
142857143 × 7 = 1000000001
27994681 × 441 = 12345654321

ಇಂಥ ಗುಣಲಬ್ಧಗಳನ್ನು ಅವರು ರಾಜರ ಕೊರಳಿನ ಕಂಠಿಕೆಗೆ ಹೋಲಿಸುತ್ತಾರೆ. ಎರಡೂ ತುದಿಯಿಂದ ಒಂದೇ ಬಗೆಯಲ್ಲಿ ಕಾಣುವ ಮಣಿಸರ! ನಮ್ಮೂರಿನ ಕೆರೆಗೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂಬ ಹೆಸರೂ ಇದೆಯಷ್ಟೆ. ಗುಡ್ಡಗಳ ನಡುವಿನ ಆ ತಿಳಿನೀರನ್ನು ನೋಡುತ್ತ ಬೆಳೆದ ನನಗೆ ಈ ಹೋಲಿಕೆ ಬಹಳ ಹಿಡಿಸಿತು. ಮಹಾವೀರಾಚಾರ್ಯರು ಏಕ, ದಶ, ಶತದಿಂದ ತೊಡಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. ಆ ಪಟ್ಟಿಯಲ್ಲಿ ಕೋಟಿ ಎಂಟನೆಯದು, ಹತ್ತೊಂಬತ್ತನೆಯದು ಶಂಖ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕುಳಿತಿರುವುದು ಶಂಖಸ್ಥಾನದಲ್ಲಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಈ ಸರ ಅವಿಭಾಜ್ಯವೆಂದು ಮಹಾವೀರಾಚಾರ್ಯರು ಎಲ್ಲೂ ಹೇಳಿಲ್ಲ. ಅವರು ಹೇಳಿದ್ದು ಮೇಲಿನ ಗುಣಾಕಾರಗಳನ್ನು. ಅವುಗಳಲ್ಲಿ ಎರಡನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

1992ರಲ್ಲಿ ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಕೊನೆಯ ಪೀರಿಯಡ್ಡು ನನ್ನದು. ಆ ಹೊತ್ತಿನಲ್ಲಿ ಪಠ್ಯಪುಸ್ತಕ ತೆರೆದರೆ ಮಕ್ಕಳ ಮುಖ ಬಾಡುತ್ತಿತ್ತು. ಆದ್ದರಿಂದ ಗಣಿತವಿನೋದ ನಡೆಯುತ್ತಿತ್ತು. ಅಂದು ಕಪ್ಪುಹಲಗೆಯ ಮೇಲೆ ಒಂದುಗಳ ಸಾಲನ್ನೇ ಬರೆಸಿದೆ. 11 ಅವಿಭಾಜ್ಯ. 111 ಎಂದರೆ 3 × 37. 1111 ಎಂದರೆ 11 × 101. 11111 ಎಂದರೆ 41 × 271. ಇದನ್ನು ಹುಡುಕಲು ಅರ್ಧ ತರಗತಿ ಬೆವರಿತು. ಒಂದುಗಳ ಎಣಿಕೆಯೇ ವಿಭಾಜ್ಯವಾಗಿದ್ದರೆ ಸಂಖ್ಯೆಯೂ ವಿಭಾಜ್ಯ ಎಂಬುದನ್ನು ಮಕ್ಕಳು ತಾವೇ ಕಂಡುಕೊಂಡರು. ಆರು ಒಂದುಗಳನ್ನು ಮೂರು ಮೂರಾಗಿ ಗುಂಪು ಮಾಡಿದರೆ 111 × 1001 ಎದುರಿಗೇ ಕಾಣುತ್ತದೆ. ಆದ್ದರಿಂದ 2, 3, 5, 7, 11, 13, 17, 19 ಹೀಗೆ ಅವಿಭಾಜ್ಯ ಎಣಿಕೆಯ ಸರಗಳನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಅವುಗಳಲ್ಲಿಯೂ 3ರಿಂದ 17ರವರೆಗಿನ ಸರಗಳೆಲ್ಲ ಒಡೆದುಹೋಗುತ್ತವೆ. ಏಳು ಒಂದುಗಳು 239 × 4649. ಹದಿಮೂರು ಒಂದುಗಳನ್ನು 53 ಭಾಗಿಸುತ್ತದೆ, 79ಕೂಡ ಭಾಗಿಸುತ್ತದೆ. ಹನ್ನೊಂದು ಮತ್ತು ಹದಿನೇಳರ ಅಪವರ್ತನಗಳು ದೊಡ್ಡವು, ಅವನ್ನು ನಾನೇ ಬರೆದು ತೋರಿಸಿದೆ.

ಹತ್ತೊಂಬತ್ತಕ್ಕೆ ಬಂದೆವು. ನೂರರೊಳಗಿನ ಅವಿಭಾಜ್ಯಗಳನ್ನೆಲ್ಲ ಸಾಲು ಸಾಲಾಗಿ ಹಂಚಿಕೊಟ್ಟು ಭಾಗಿಸಿ ಎಂದೆ. ಯಾವುದರಿಂದಲೂ ಆಗಲಿಲ್ಲ. ಆಗ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸಾ, ಇನ್ನೂ ಎಷ್ಟು ದೂರ ಹೋದ್ರೆ, ಇದು ಭಾಗ ಆಗೋದೇ ಇಲ್ಲ ಅಂತ ಹೇಳ್ಬೋದು?"

"ವರ್ಗಮೂಲದವರೆಗೆ ಹೋಗಬೇಕು ಕಣವ್ವ. ಇದರ ವರ್ಗಮೂಲ ನೂರೈದು ಕೋಟಿಯ ಮೇಲಿದೆ."

"ಅಷ್ಟನ್ನೂ ಯಾರು ಸಾ ಭಾಗಿಸಿ ನೋಡಿರೋದು?"

ನನ್ನ ಬಳಿ ಆಗ ಇದ್ದ ಪುಸ್ತಕದಲ್ಲಿ ಫಲಿತಾಂಶ ಮಾತ್ರ ಇತ್ತು, ಸಾಧನೆ ಇರಲಿಲ್ಲ. 1918ರಲ್ಲಿ ಆಸ್ಕರ್ ಹೋಪ್ಪೆ ಎಂಬುವರು ಇದು ಅವಿಭಾಜ್ಯವೆಂದು ಸಾಧಿಸಿದರು, ಹೇಗೆಂದು ಈ ಪುಸ್ತಕ ಹೇಳುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ತಿಳಿಸಿದೆ.

"ಬುಕ್ಕಲ್ಲಿ ಅದೆ ಅಂತ ಒಪ್ಕಂಡ್ಬುಡೋದಾ ಸಾ?"

ಹುಡುಗರು ಗೊಳ್ಳೆಂದರು. ಆ ವರ್ಷ ನಮ್ಮ ತರಗತಿಯಲ್ಲಿ ಕೇಳಿಬಂದ ಅತ್ಯುತ್ತಮ ಪ್ರಶ್ನೆ ಇದೇ ಎಂದು ನಾನು ಅವರಿಗೆ ಹೇಳಿದೆ. ಗಂಟೆ ಬಾರಿಸಿತು.

ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ತೆಗೆದಳು. ಮುಂದೆ ಓದಿಸಿ ಎಂದು ಕೇಳಲು ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. "ನೀವು ಹೇಳೋದು ಸರಿ ಮೇಷ್ಟ್ರೇ, ಆದ್ರೆ ದಿನಾ ಬಸ್ಸು ಹತ್ತಿಸಿ ಕಳಿಸೋಕೆ ಆಯ್ತದಾ?" ಎಂದರು ಅವಳ ತಂದೆ. ಮರುವರ್ಷ ಮದುವೆಯಾಯಿತು.

ಕಳೆದ ವರ್ಷ ಪಾಂಡವಪುರದ ಛತ್ರವೊಂದರಲ್ಲಿ, ಬಂಧುಗಳ ಮದುವೆಯ ಊಟದ ಸಾಲಿನಲ್ಲಿ, ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಬಂದು ಕಾಲಿಗೆ ನಮಸ್ಕರಿಸಿದಳು. ಗುರುತು ಹತ್ತಲಿಲ್ಲ. "ಸಾ, ಆ ಹತ್ತೊಂಬತ್ತು ಒಂದು... ಹೆಂಗೆ ಕಂಡುಹಿಡಿದ್ರು ಅಂತ ಗೊತ್ತಾಯ್ತಾ?" ಎಂದಳು. ಆಗ ಗುರುತು ಹತ್ತಿತು. ಪಕ್ಕದಲ್ಲಿ ಎಂಜಿನಿಯರಿಂಗ್ ಓದುವ ಮಗನಿದ್ದ. ಅವನು ನಗುತ್ತ ಫೋನಿನಲ್ಲಿ ಏನೋ ಒತ್ತಿ, "ಪ್ರೈಮ್ ಅಂತ ಬಂತು ನೋಡಮ್ಮ" ಎಂದು ತೋರಿಸಿದ. ಅವಳು ಅದನ್ನು ನೋಡಿ ನನ್ನ ಕಡೆ ತಿರುಗಿ ಹೇಳಿದ ಮಾತು: "ಆಗ ಬುಕ್ಕು ಹೇಳ್ತಿತ್ತು, ಈಗ ಫೋನು ಹೇಳ್ತದೆ ಸಾ."

ಅವಳಿಗೆ ಬೇಕಾದದ್ದು ತಾನೇ ಕಂಡು ಒಪ್ಪಬಹುದಾದ ಕಾರಣ. ನಿವೃತ್ತನಾದ ಮೇಲೆ ಸಿಕ್ಕಿದ ಬಿಡುವಿನಲ್ಲಿ ನಾನು ಓದಿ ತಿಳಿದುಕೊಂಡಿದ್ದನ್ನು ಅವಳಿಗೆ ಏಳು ಪುಟ ಬರೆದು ಕಳಿಸಿದೆ. ಅದರ ಸಾರ ಇಲ್ಲಿದೆ. ಒಂಬತ್ತನೆಯ ತರಗತಿಯ ಗಣಿತ ಮರೆಯದವರಿಗೆಲ್ಲ ಇದು ಅರ್ಥವಾಗಬೇಕು.

ಮೊದಲು ಬರಿಯ ಭಾಗಾಕಾರದ ದಾರಿ. ನೂರೈದು ಕೋಟಿಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು ಐದು ಕೋಟಿಗೂ ಹೆಚ್ಚು. ನಿಮಿಷಕ್ಕೊಂದು ಭಾಗಾಕಾರದಂತೆ ದಿನಕ್ಕೆ ಎಂಟು ಗಂಟೆ ಕುಳಿತರೆ ಸುಮಾರು ಮುನ್ನೂರು ವರ್ಷ ಬೇಕು. ಆದರೆ ಈ ಸರವನ್ನು ಭಾಗಿಸಲು ಎಲ್ಲ ಅವಿಭಾಜ್ಯಗಳಿಗೂ ಅರ್ಹತೆ ಇಲ್ಲ. 1/7ನ್ನು ದಶಮಾಂಶದಲ್ಲಿ ಬರೆದರೆ 142857 ಎಂಬ ಆರು ಅಂಕಿಗಳು ಮರಳಿ ಮರಳಿ ಬರುತ್ತವೆ. 7ರಿಂದ ಒಂದು ಕಳೆದರೂ ಆರೇ. 1/41ರಲ್ಲಿ ಆವರ್ತ 02439, ಐದು ಅಂಕಿ; 40ನ್ನು 5 ಭಾಗಿಸುತ್ತದೆ. 2 ಮತ್ತು 5 ಎರಡನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಅದರ ಆವರ್ತದ ಉದ್ದ, ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು. ಈಗ ನಮ್ಮ ಸರವನ್ನು ಯಾವುದಾದರೂ ಅವಿಭಾಜ್ಯ ಭಾಗಿಸುತ್ತದೆ ಎಂದುಕೊಳ್ಳಿ. ಅದು ಹತ್ತೊಂಬತ್ತು ಒಂಬತ್ತುಗಳನ್ನೂ ಭಾಗಿಸುತ್ತದೆ, ಆದ್ದರಿಂದ ಅದರ ಆವರ್ತದ ಉದ್ದ 19. (3ರ ಭಯ ಬೇಡ, ಅಂಕಿಗಳ ಮೊತ್ತ 19 ಆದ್ದರಿಂದ 3 ಭಾಗಿಸದು.) ಹಾಗಾದರೆ ಅದರಲ್ಲಿ ಒಂದು ಕಳೆದದ್ದನ್ನು 19 ಭಾಗಿಸಬೇಕು. ಅದು ಸಮಸಂಖ್ಯೆಯೂ ಹೌದು, ಆದ್ದರಿಂದ 38 ಭಾಗಿಸಬೇಕು. ಅಂದರೆ ಭಾಜಕವಾಗಬಲ್ಲ ಅವಿಭಾಜ್ಯಗಳು 38ರ ಗುಣಕಕ್ಕೆ ಒಂದು ಕೂಡಿದವು ಮಾತ್ರ: 191, 229, 419, 457, 571 ಹೀಗೆ. ಅಂದು ಮಕ್ಕಳಿಗೆ ನೂರರೊಳಗೆ ಯಾವುದೂ ಸಿಗದಿದ್ದುದಕ್ಕೆ ಕಾರಣ ಇದೇ. ಈ ಪಟ್ಟಿ ಆರಂಭವಾಗುವುದೇ 191ರಿಂದ. ಐದು ಒಂದುಗಳ ಭಾಜಕಗಳಾದ 41, 271 ಎರಡೂ 10ರ ಗುಣಕಕ್ಕೆ ಒಂದು ಕೂಡಿದವು, ಏಳು ಒಂದುಗಳ 239, 4649 ಎರಡೂ 14ರ ಗುಣಕಕ್ಕೆ ಒಂದು ಕೂಡಿದವು ಎಂಬುದನ್ನು ನೀವೇ ನೋಡಿಕೊಳ್ಳಬಹುದು.

ಇದರಿಂದ ಐದು ಕೋಟಿಯ ಕೆಲಸ ಸುಮಾರು ಮೂವತ್ತು ಲಕ್ಷಕ್ಕೆ ಇಳಿಯಿತು. ಮುನ್ನೂರು ವರ್ಷ ಹೋಗಿ ಹದಿನೇಳು ವರ್ಷವಾಯಿತು. ಆದರೂ ಮನುಷ್ಯ ಮಾಡುವ ಕೆಲಸವಲ್ಲ.

ಎರಡನೆಯ ದಾರಿಯನ್ನು ತೋರಿಸಿದವರು ಫ್ರಾನ್ಸಿನ ಎದುವಾರ್ ಲೂಕಾ, 1876ರಲ್ಲಿ. ಅಮೆರಿಕದ ಡಿ. ಎಚ್. ಲೆಹ್ಮರ್ 1927ರಲ್ಲಿ ಅದನ್ನು ಇನ್ನಷ್ಟು ಹದಗೊಳಿಸಿದರು. ಅದರ ಯುಕ್ತಿ ನಮ್ಮ ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರುವಂಥದ್ದು: ಒಬ್ಬನ ವಿಷಯ ತಿಳಿಯಬೇಕಾದರೆ ಅವನನ್ನೇ ಕೇಳುವುದಕ್ಕಿಂತ ನೆರೆಮನೆಯಲ್ಲಿ ವಿಚಾರಿಸು. ಈ ಸರವನ್ನು ಒಡೆಯಲು ಹೋಗಬೇಡಿ, ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ಒಡೆಯಿರಿ.

ಏಕೆಂದು ಚಿಕ್ಕ ಸಂಖ್ಯೆಯಲ್ಲಿ ನೋಡೋಣ. 7ನ್ನು ತೆಗೆದುಕೊಳ್ಳಿ. 3ರ ಘಾತಗಳನ್ನು ಒಂದೊಂದಾಗಿ 7ರಿಂದ ಭಾಗಿಸಿದರೆ ಶೇಷಗಳು 3, 2, 6, 4, 5, 1 ಎಂದು ಬರುತ್ತವೆ. ಒಂದು ಬರುವುದಕ್ಕೆ ಆರು ಹೆಜ್ಜೆ. 7ಕ್ಕಿಂತ ಒಂದು ಕಡಿಮೆ. ಸೊನ್ನೆಯೊಂದನ್ನು ಬಿಟ್ಟು ಎಲ್ಲ ಶೇಷಗಳನ್ನೂ ಸುತ್ತಿಬಂದ ಪೂರ್ಣ ಪ್ರದಕ್ಷಿಣೆ. 9ನ್ನು ತೆಗೆದುಕೊಂಡು 2ರ ಘಾತಗಳನ್ನು ಭಾಗಿಸಿದರೆ 2, 4, 8, 7, 5, 1. ಇಲ್ಲಿಯೂ ಆರೇ ಹೆಜ್ಜೆ, ಎಂಟಲ್ಲ. 9ರೊಂದಿಗೆ ಸಾಮಾನ್ಯ ಅಪವರ್ತನವುಳ್ಳ 3 ಮತ್ತು 6 ಆ ಸುತ್ತಿನಲ್ಲಿ ಬರುವುದೇ ಇಲ್ಲ. ಹೀಗೆ ವಿಭಾಜ್ಯ ಸಂಖ್ಯೆಯ ಸುತ್ತ ಪೂರ್ಣ ಪ್ರದಕ್ಷಿಣೆ ಎಂದೂ ಸಾಧ್ಯವಿಲ್ಲ. ಆದ್ದರಿಂದ ಯಾವುದಾದರೂ ಒಂದು ಸಂಖ್ಯೆಯ ಘಾತಗಳು ಪೂರ್ಣ ಪ್ರದಕ್ಷಿಣೆ ಹಾಕಿದವೆಂದು ತೋರಿಸಿದರೆ, ನಡುವಿನದು ಅವಿಭಾಜ್ಯವೆಂದು ಸಾಧಿಸಿದಂತಾಯಿತು.

ಪ್ರತಿ ಹೆಜ್ಜೆಯನ್ನೂ ಎಣಿಸಬೇಕಾಗಿಲ್ಲ. 7ರ ನೆರೆಯ 6 ಎಂದರೆ 2 × 3. ಆರನೆಯ ಹೆಜ್ಜೆಯಲ್ಲಿ 1 ಬಂತು. 6ನ್ನು 2ರಿಂದ ಭಾಗಿಸಿದಾಗ ಸಿಗುವ ಮೂರನೆಯ ಹೆಜ್ಜೆಯಲ್ಲಿ, 3ರಿಂದ ಭಾಗಿಸಿದಾಗ ಸಿಗುವ ಎರಡನೆಯ ಹೆಜ್ಜೆಯಲ್ಲಿ 1 ಬರಲಿಲ್ಲ. ಇಷ್ಟು ನೋಡಿದರೆ ಸುತ್ತು ಎಲ್ಲೂ ಮೊಟಕಾಗಿಲ್ಲವೆಂದು ಖಚಿತ. ನೆರೆಯ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳು ಎಷ್ಟಿವೆಯೋ ಅಷ್ಟು ತಪಾಸಣೆ ಸಾಕು.

ಈಗ ನಮ್ಮ ಸರದ ನೆರೆಮನೆಗೆ ಹೋಗೋಣ. ಒಂದು ಕಳೆದರೆ ಹದಿನೆಂಟು ಒಂದುಗಳು, ಕೊನೆಯಲ್ಲೊಂದು ಸೊನ್ನೆ. ಅಂದರೆ ಹತ್ತು ಪಟ್ಟು ಹದಿನೆಂಟು ಒಂದುಗಳು. ಹದಿನೆಂಟನ್ನು ಒಂಬತ್ತು ಒಂಬತ್ತಾಗಿ ಗುಂಪು ಮಾಡಿದರೆ 111111111 × 1000000001. ಈ ಎರಡು ಸಂಖ್ಯೆಗಳನ್ನು ಎಲ್ಲಿ ನೋಡಿದಿರಿ? ಮಹಾವೀರಾಚಾರ್ಯರ ಕಂಠಿಕೆಗಳಲ್ಲಿ! ಮೊದಲನೆಯದು 12345679 × 9, ಎರಡನೆಯದು 142857143 × 7. ಮಳಖೇಡದ ರಾಜನ ಹೆಸರಿನ ಕಾಲದಲ್ಲಿ ಪೋಣಿಸಿದ ಎರಡು ಸರಗಳನ್ನು ಒಂದಕ್ಕೊಂದು ಗುಣಿಸಿ ಮುಂದೆ ಒಂದು ಹತ್ತನ್ನಿಟ್ಟರೆ ನಮ್ಮ ಹತ್ತೊಂಬತ್ತರ ನೆರೆಯವನು ಸಿದ್ಧ. ಇದನ್ನು ಮೊದಲು ಕಾಗದದ ಮೇಲೆ ಬರೆದಾಗ ರಾತ್ರಿ ಹತ್ತೂವರೆ. ನಮ್ಮ ಮನೆಯವಳನ್ನು ಎಬ್ಬಿಸಿ ತೋರಿಸಿದೆ. "ನಾಳೆ ನೋಡಿದರೆ ಓಡಿಹೋಗುತ್ತದೆಯೇ?" ಎಂದಳು.

ಉಳಿದ ಒಡೆಯುವ ಕೆಲಸ ಸುಲಭ. 12345679 ಎಂದರೆ 37 × 333667. 142857143 ಎಂದರೆ 11 × 13 × 19 × 52579. ಎಲ್ಲ ಸೇರಿಸಿದರೆ ನೆರೆಮನೆಯ ಸದಸ್ಯರು ಹತ್ತು ಜನ: 2, 3, 5, 7, 11, 13, 19, 37, 52579, 333667. ಇವರಲ್ಲಿ 3 ಮಾತ್ರ ಎರಡು ಸಲ. ದೊಡ್ಡವರಿಬ್ಬರೂ ನಿಜಕ್ಕೂ ಅವಿಭಾಜ್ಯರೇ ಎಂದು ನೋಡಬೇಕು. 52579ರ ವರ್ಗಮೂಲ 229ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟರೊಳಗೆ 50 ಅವಿಭಾಜ್ಯಗಳಿವೆ. 333667ರ ವರ್ಗಮೂಲ 577ರಷ್ಟು, ಅಷ್ಟರೊಳಗೆ 106. ಒಟ್ಟು 156 ಭಾಗಾಕಾರ. ಒಂದು ತರಗತಿ ಒಂದು ಶನಿವಾರ ಮುಗಿಸಬಹುದಾದ ಕೆಲಸ.

ಇನ್ನು ಪ್ರದಕ್ಷಿಣೆಗೆ ಯಾವ ಸಂಖ್ಯೆಯನ್ನು ಕಳುಹಿಸುವುದು? 10 ಆಗದು, ಹತ್ತೊಂಬತ್ತನೇ ಹೆಜ್ಜೆಗೇ 1 ಆಗಿ ಮನೆಗೆ ಮರಳಿಬಿಡುತ್ತದೆ. 2 ಕೂಡ ಆಗದು, ಅರ್ಧ ದಾರಿಗೆ 1 ಬಂದುಬಿಡುತ್ತದೆ. 3 ಅರ್ಧ ದಾರಿಯಲ್ಲಿ ಹಾಗೆ ಮಾಡುವುದಿಲ್ಲ. ಯಾವುದಾದರೂ ಒಂದು ತಪಾಸಣೆಗೆ ಅದು ಒಗ್ಗದಿದ್ದರೆ ಆ ಒಂದಕ್ಕೆ ಮಾತ್ರ ಬೇರೆ ಸಂಖ್ಯೆಯನ್ನು ಆಯ್ದುಕೊಳ್ಳಲು ಅವಕಾಶವಿದೆ. ಅಷ್ಟು ದೊಡ್ಡ ಘಾತವನ್ನು ಒಂದೊಂದೇ ಗುಣಿಸಿ ಹೋಗಬೇಕಾಗಿಲ್ಲ. ವರ್ಗ ಮಾಡುವುದು, ಶೇಷ ತೆಗೆಯುವುದು, ಮತ್ತೆ ವರ್ಗ ಮಾಡುವುದು. ಒಂದೊಂದು ತಪಾಸಣೆಗೆ ಅರವತ್ತರ ಆಸುಪಾಸು ವರ್ಗಗಳು, ನಡುನಡುವೆ ಕೆಲವು ಗುಣಾಕಾರಗಳು. ಹತ್ತೊಂಬತ್ತು ಅಂಕಿಯ ಸಂಖ್ಯೆಗಳಾದ್ದರಿಂದ ಬೆರಳು ನೋಯುತ್ತದೆ, ಆದರೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಹದಿನೇಳು ವರ್ಷವಲ್ಲ.

ಅವಿಭಾಜ್ಯವೆಂದು ಖಚಿತವಾದ ಮೇಲೆ ಇನ್ನೊಂದು ಚೆಲುವೂ ತಾನಾಗಿ ದೊರೆಯುತ್ತದೆ. ದಶಮಾಂಶದಲ್ಲಿ ಬರೆದಾಗ ಹತ್ತೊಂಬತ್ತು ಅಂಕಿಗಳ ಆವರ್ತ ಬರುವ ಅವಿಭಾಜ್ಯ ಇಡೀ ಸಂಖ್ಯಾಲೋಕದಲ್ಲಿ ಇದೊಂದೇ. ಹದಿನೆಂಟು ಸೊನ್ನೆ, ಒಂದು ಒಂಬತ್ತು, ಮತ್ತೆ ಹದಿನೆಂಟು ಸೊನ್ನೆ, ಹೀಗೆ ಕೊನೆಯಿಲ್ಲದೆ.

ಒಂದುಗಳ ಸರಗಳ ಮುಂದಿನ ಕಥೆ ಚುಟುಕಾಗಿ: 23 ಒಂದುಗಳದ್ದೂ ಅವಿಭಾಜ್ಯ, 1929ರಲ್ಲಿ ಲೆಹ್ಮರ್ ಮತ್ತು ಕ್ರೈಚಿಕ್ ಬೇರೆ ಬೇರೆಯಾಗಿ ಸಾಧಿಸಿದರು. ಮಹಾವೀರರ ಸ್ಥಾನಪಟ್ಟಿಯೊಳಗೆ ಹಿಡಿಯುವ ಸರಗಳು ಅಲ್ಲಿಗೆ ಮುಗಿದವು. ಆಮೇಲೆ ಒಮ್ಮೆಲೇ 317 ಒಂದುಗಳು (1977), 1031 (1986). 49081 ಒಂದುಗಳ ಸರ ಅವಿಭಾಜ್ಯವೆಂದು 2022ರಲ್ಲಿ ಸಾಧನೆಯಾಯಿತು. ಇಂಥವು ಅನಂತವಾಗಿವೆಯೇ ಎಂಬುದು ಯಾರಿಗೂ ತಿಳಿಯದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಬೃಹತ್ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಎರಡರ 13,62,79,841ನೆಯ ಘಾತದಿಂದ ಒಂದನ್ನು ಕಳೆದದ್ದು. ಅಲ್ಲಿಯೂ ನೆರೆಮನೆಯ ಯುಕ್ತಿಯೇ, ಆದರೆ ಆ ಕಡೆಯ ನೆರೆ: ಒಂದು ಕೂಡಿಸಿದರೆ ಬರಿಯ ಎರಡುಗಳ ಗುಣಲಬ್ಧ. ಆ ಪರೀಕ್ಷೆಗೂ ಲೂಕಾ, ಲೆಹ್ಮರ್ ಇವರಿಬ್ಬರ ಹೆಸರೇ ಇದೆ. ನೆರೆಹೊರೆ ಎರಡೂ ಬಾಯಿ ಬಿಡದಿದ್ದಾಗಲೂ ಸಮಂಜಸ ಕಾಲದೊಳಗೆ ಉತ್ತರ ದೊರಕಿಸುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಅವರಲ್ಲಿ ಕಯಾಲ್ ಮುಂದೆ ಬೆಂಗಳೂರಿನಲ್ಲಿ ಸಂಶೋಧನೆ ಮುಂದುವರಿಸಿದರು. ಅದನ್ನು ವಿವರಿಸಲು ನನ್ನ ಬಿ.ಎಡ್. ಸಾಲದು.

ಪುಟಗಳನ್ನು ಅಂಚೆಗೆ ಹಾಕಿ ಮೂರು ವಾರವಾಗಿತ್ತು. ಮೊನ್ನೆ ಸಂಜೆ ಫೋನು ಬಂತು.

"ಸಾ, 52579 ಮುಗೀತು. ಐವತ್ತೂ ಆಯ್ತು, ಯಾವುದ್ರಲ್ಲೂ ಹೋಗ್ಲಿಲ್ಲ. 333667ಕ್ಕೆ 211ರವರ್ಗೂ ಬಂದಿದೀನಿ. ಬೇಳೆ ಬೇಯೋ ಹೊತ್ನಲ್ಲಿ ಎರಡು ಮೂರು ಆಗ್ತವೆ."

"ಮಗ ಸಹಾಯ ಮಾಡ್ತಾನೇನವ್ವ?"

"ಅವನ ಫೋನ್ ಬ್ಯಾಡ ಅಂದಿದೀನಿ ಸಾ. ಆ ವರ್ಗದ ಲೆಕ್ಕಕ್ಕೆ ಅಗಲದ ಹಾಳೆ ಬೇಕಲ್ಲ, ಅದ್ಕೇ ಅಂಗಡಿಯಿಂದ ದೊಡ್ಡ ಲೆಡ್ಜರ್ ತರ್ಸಿ ಇಟ್ಕಂಡಿದೀನಿ."